ಪಡಸಾಲೆಯ ಭೂಗೋಳ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತನ್ನು ನಾವೆಲ್ಲ ಕೇಳುತ್ತ ಬೆಳೆದವರು. ಎರಡೂ ದೊರೆಯದ ಮಕ್ಕಳು ಏನು ಮಾಡಬೇಕೆಂಬುದನ್ನು ಮಾತ್ರ ಆ ಮಾತು ಹೇಳುವುದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸೋಂಕಿನ ಕಾರಣ ಶಾಲೆಗಳು ಮುಚ್ಚಿದವು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಅವು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಈ ಹತ್ತೊಂಬತ್ತು ತಿಂಗಳು ಮನೆಗಳೇ, ತಾವಾಗಿ ಬಯಸದೆ, ಪಾಠಶಾಲೆಗಳಾಗಬೇಕಾಯಿತು. ಹುನಗುಂದದ ನನ್ನ ಮನೆಯೂ ಅವುಗಳಲ್ಲೊಂದು. ಪ್ರೌಢಶಾಲೆಯಲ್ಲಿ ಇತಿಹಾಸ, ಭೂಗೋಳಗಳನ್ನು ಕಲಿಸಿ ನಿವೃತ್ತಳಾಗಿ ಕುಳಿತಿದ್ದ ನನ್ನ ಬಳಿ ಮಗಳು ತನ್ನ ಇಬ್ಬರು ಮಕ್ಕಳನ್ನು ಬಿಟ್ಟುಹೋದಳು. ಹುಡುಗಿಗೆ ಒಂಬತ್ತು ವರ್ಷ, ಹುಡುಗನಿಗೆ ಏಳು.

ಮಕ್ಕಳಿಗೆ ಮನೆಯಲ್ಲಿಯೇ ಕಲಿಸುವುದು ನಮ್ಮ ನಾಡಿಗೆ ಹೊಸದಲ್ಲ. 'ಬಾಲಪ್ರಪಂಚ'ದ ಮೂರು ಸಂಪುಟಗಳಲ್ಲಿ ಕನ್ನಡದ ಮಕ್ಕಳ ಮುಂದೆ ಜಗತ್ತನ್ನೇ ತಂದಿರಿಸಿದ ಶಿವರಾಮ ಕಾರಂತರು ತಮ್ಮ ಮನೆಯನ್ನೂ ಕಲಿಕೆಯ ಪ್ರಯೋಗಶಾಲೆಯಾಗಿಸಿದ್ದರು. ಅವರ ಮಗ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಬಾಲ್ಯದಲ್ಲಿ ಕೆಲಕಾಲ ಶಾಲೆಗೆ ಹೋಗದೆ ಮನೆಯಲ್ಲಿ ಕಲಿತವರು. ಆದರೆ ಕಾರಂತರ ಮನೆ ಕಾರಂತರ ಮನೆ. ನಮ್ಮಂಥವರ ಮನೆಯಲ್ಲಿ ಏನಿದೆ? ಒಂದು ಪಡಸಾಲೆ, ಒಂದು ಅಡಿಗೆಮನೆ, ಹಳೆಯ ಸೀರೆಗಳ ಟ್ರಂಕು.

ಶಾಲೆಯಿಂದ ಫೋನಿನಲ್ಲಿ ಪಾಠಗಳು ಬರುತ್ತಿದ್ದವು. 'ಜಗತ್ತಿನ ದೇಶಗಳು' ಎಂಬ ಪಾಠವೂ ಬಂದಿತು. ಪ್ರತಿ ದೇಶಕ್ಕೆ ಒಂದು ಧ್ವಜ, ಒಂದು ರಾಜಧಾನಿ, ಒಂದು ಉಡುಪು. ಜಪಾನೆಂದರೆ ಬೀಸಣಿಗೆ, ಹಾಲೆಂಡೆಂದರೆ ಮರದ ಪಾದರಕ್ಷೆ. ಕೆಲ ಹೊತ್ತು ನೋಡಿದ ಹುಡುಗ ಕೇಳಿದ: "ಆಯೀ, ಇವ್ರು ಹೊಲಕ್ಕ ಹೋಗುವಾಗೂ ಇದನ್ನ ಹಾಕ್ಕೊಂತಾರೇನು?" ಮೂವತ್ತು ವರ್ಷ ನಾನೂ ಆ ಬಗೆಯ ಪಾಠಗಳನ್ನು ಕಂಡವಳೇ. ಅವು ಪರದೇಶದವರನ್ನು ವೇಷಧಾರಿಗಳನ್ನಾಗಿ ಮಾಡುತ್ತವೆ. ಅವರು ದುಡಿಯುವವರು, ಹಸಿಯುವವರು ಎಂಬುದನ್ನು ಮರೆಸುತ್ತವೆ. ಆದುದರಿಂದ ಫೋನನ್ನು ಬದಿಗಿಟ್ಟು ಮಕ್ಕಳನ್ನು ಅಡಿಗೆಮನೆಗೆ ಕರೆದುಕೊಂಡು ಹೋದೆ.

ನಮ್ಮ ಸೀಮೆಯ ಊಟದ ತಾಟನ್ನು ನೋಡಿರಿ. ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಕೆಂಪು ಮೆಣಸಿನಕಾಯಿಯ ಖಾರ. ಇದಕ್ಕಿಂತ ನಮ್ಮದಾದದ್ದು ಇನ್ನೊಂದಿಲ್ಲವೆಂದು ನಾವು ನಂಬಿದ್ದೇವೆ. ಆದರೆ ಜೋಳ ಆಫ್ರಿಕಾದ ಈಶಾನ್ಯ ಭಾಗದ ಬೆಳೆ. ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ನಮ್ಮ ಕಡೆಗೆ ಬಂದಿತು. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. ಪೋರ್ತುಗೀಜರು ಬಂದಮೇಲೆ ಈ ನಾಡಿಗೆ ಬಂದದ್ದು. ಇಮ್ಮಡಿ ಪುಲಕೇಶಿ ಒಂದು ಮೆಣಸಿನಕಾಯಿಯನ್ನೂ ಕಂಡವನಲ್ಲ ಎಂದಾಗ ಹುಡುಗ ನಿಜವಾಗಿಯೂ ಮರುಗಿದ.

ಕೇವಲ ಹೇಳಿದ್ದರೆ ಇದೂ ಒಂದು ಪಾಠವಾಗಿ ಮರೆತುಹೋಗುತ್ತಿತ್ತು. ಸೂಡಾನ ದೇಶದಲ್ಲಿ ಜೋಳದ ಹಿಟ್ಟನ್ನು ಕಲಸಿ, ಹುಳಿಬರಿಸಿ, ಕಾದ ಹಂಚಿನ ಮೇಲೆ ತಾಳೆಗರಿಯ ತುಂಡಿನಿಂದ ಕಾಗದದಷ್ಟು ತೆಳ್ಳಗೆ ಎಳೆದು ಬೇಯಿಸುತ್ತಾರೆ. ಅದಕ್ಕೆ ಕಿಸ್ರಾ ಎಂದು ಹೆಸರು. ನಾವು ರಾತ್ರಿ ಹಿಟ್ಟು ಕಲಸಿಟ್ಟೆವು. ತಾಳೆಗರಿ ಸಿಗದೆ ತೆಂಗಿನ ಗರಿಯನ್ನು ಕತ್ತರಿಸಿಕೊಂಡೆವು. ಮೊದಲಿನ ನಾಲ್ಕು ಹರಿದವು, ಐದನೆಯದು ಹಂಚಿಗೆ ಹತ್ತಿಕೊಂಡಿತು, ಆರನೆಯದು ಎದ್ದು ಬಂದಿತು. ಗೋಡೆಯಾಚೆಯಿಂದ ಇಣುಕಿದ ನೆರೆಮನೆಯಾಕೆ, "ಇದು ನಮ್ಮ ಜೋಳದ ದ್ವಾಸಿ ಅಲ್ಲೇನ್ರೀ!" ಎಂದಳು. ಸೂಡಾನ ಎಲ್ಲಿದೆ ಎಂದು ಮಕ್ಕಳು ಭೂಪಟವನ್ನು ತಾವಾಗಿ ಕೇಳಿದ್ದು ಅಂದಿನ ಮಧ್ಯಾಹ್ನ. ಮೊದಲು ಕೈ, ಆಮೇಲೆ ಭೂಪಟ ಎಂಬುದನ್ನು ಅಂದಿನಿಂದ ನಮ್ಮ ಪಡಸಾಲೆಯ ನಿಯಮವಾಗಿ ಮಾಡಿಕೊಂಡೆವು.

ಆಮೇಲೆ ಸೀರೆಯ ಟ್ರಂಕು ತೆರೆಯಿತು. ನನ್ನ ತಾಯಿಯ ಕಸೂತಿಯ ಸೀರೆಯೊಂದು ಅದರಲ್ಲಿದೆ. ಗಂಟಿ, ಮುರ್ಗಿ ಹೊಲಿಗೆಗಳಲ್ಲಿ ಸೂಜಿ ಒಮ್ಮೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಹಿಂದಿರುಗುತ್ತದೆ. ಬಟ್ಟೆಯ ಎರಡು ಮೈಯಲ್ಲಿಯೂ ಒಂದೇ ಚಿತ್ತಾರ ಮೂಡುತ್ತದೆ. ಹದಿನಾರನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಇಂಗ್ಲೆಂಡಿನ ಶ್ರೀಮಂತರನ್ನು ಬರೆದ ಚಿತ್ರಗಳಲ್ಲಿ ಅವರ ತೋಳಿನ ಅಂಚಿಗೆ ಇದೇ ಹೊಲಿಗೆ ಇದೆ; ಯುರೋಪಿನಲ್ಲಿ ಅದಕ್ಕೆ ಹೋಲ್ಬೈನನ ಹೆಸರೇ ನಿಂತಿದೆ. ನಮ್ಮ ಮೆಂತಿ ಹೊಲಿಗೆಯನ್ನು ಪ್ಯಾಲೆಸ್ಟೈನಿನ ಹೆಣ್ಣುಮಕ್ಕಳೂ ಯುಕ್ರೇನಿನ ಹೆಣ್ಣುಮಕ್ಕಳೂ ತಮ್ಮ ಉಡುಪುಗಳ ಮೇಲೆ ಹಾಕುತ್ತ ಬಂದಿದ್ದಾರೆ. ಯಾರಿಂದ ಯಾರು ಕಲಿತರೆಂಬ ಜಗಳಕ್ಕೆ ನಾನು ಹೋಗಲಿಲ್ಲ. ಹುಡುಗಿಯ ಕೈಗೆ ಸೂಜಿ ಕೊಟ್ಟೆ. ಹುಡುಗ ತನಗೂ ಬೇಕೆಂದು ಹಟ ಹಿಡಿದ, ಅವನಿಗೂ ಕೊಟ್ಟೆ.

ಈಜಿಪ್ಟಿನ ಪಾಠ ಬಂದಾಗ ಪಿರಮಿಡ್ಡುಗಳನ್ನು ಬಿಟ್ಟು ಬಾಗಲಕೋಟೆಯಿಂದ ಆರಂಭಿಸಿದೆ. ನನ್ನ ತವರುಮನೆ ಹಳೆಯ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರಿಗೆ ಆ ಓಣಿ ಹೋಯಿತು. ನಮ್ಮವರು ನವನಗರದ ಸೆಕ್ಟರು ನಂಬರಿನ ಮನೆಗೆ ಬಂದರು. 'ಮುಳುಗಡೆ' ಎಂಬ ಒಂದೇ ಶಬ್ದದಲ್ಲಿ ನಮ್ಮ ಕಡೆಯವರು ಈ ಇಡೀ ಕತೆಯನ್ನು ಹೇಳಿ ಮುಗಿಸುತ್ತಾರೆ. ಮಕ್ಕಳು ಮಣ್ಣು ಕಲಸಿ ಆ ಮನೆಯನ್ನು ಕಟ್ಟಿದರು. ದೇವರಕೋಣೆಯ ಮಾಡ ಯಾವ ಗೋಡೆಗಿತ್ತೆಂದು ಕೇಳಲು ನನ್ನ ಅಣ್ಣನಿಗೆ ಫೋನು ಮಾಡಬೇಕಾಯಿತು. ನಮ್ಮಿಬ್ಬರ ನೆನಪು ಕೂಡಲಿಲ್ಲ, ಕಡೆಗೆ ಎರಡು ಮಾಡಗಳನ್ನು ಕೊರೆದೆವು. ಅದರ ಪಕ್ಕದಲ್ಲಿ ಇನ್ನೊಂದು ಮಣ್ಣಿನ ಮನೆ ಎದ್ದಿತು, ನೈಲ್ ನದಿಯ ದಡದ ನುಬಿಯಾದವರದು. ಅವರು ಮನೆಯ ಗೋಡೆಗಳಿಗೆ ಚಿತ್ತಾರ ಬರೆದು ಪಿಂಗಾಣಿಯ ತಟ್ಟೆಗಳನ್ನು ಕೂಡಿಸುತ್ತಿದ್ದರು. ನಾವು ಒಡೆದ ಕಪ್ಪಿನ ಚೂರುಗಳನ್ನು ಕೂಡಿಸಿದೆವು. ಅಸ್ವಾನಿನ ಎತ್ತರದ ಅಣೆಕಟ್ಟಿಗಾಗಿ 1963-64ರಲ್ಲಿ ಆ ಜನವನ್ನು ಊರೂರುಗಳ ಸಮೇತ ಎಬ್ಬಿಸಿದರು. ಅಲ್ಲಿನ ಅಬು ಸಿಂಬೆಲ್ ದೇವಾಲಯವನ್ನು 1964ರಿಂದ 1968ರವರೆಗೆ ಕಲ್ಲುಕಲ್ಲಾಗಿ ಕೊಯ್ದು, ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ನಮ್ಮ ಕೂಡಲಸಂಗಮದಲ್ಲಿಯೂ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎತ್ತಿ ಅದನ್ನು ಉಳಿಸಿಕೊಂಡಿದ್ದಾರೆ. ಹುಡುಗಿ ಎರಡೂ ಮಣ್ಣಿನ ಮನೆಗಳನ್ನು ನೋಡುತ್ತ, "ಗುಡಿ ಎತ್ತಿದವರಿಗೆ ಮನಿ ಎತ್ತಾಕ ಬರ್ತಿದ್ದಿಲ್ಲೇನು ಆಯೀ?" ಎಂದಳು. ನವನಗರದಲ್ಲಿರುವ ಅಣ್ಣನಿಗೆ ಈ ಪ್ರಶ್ನೆಯನ್ನು ತಿಳಿಸಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ.

2021ರ ಜನವರಿಯಲ್ಲಿ ಸೋಂಕು ಇಳಿದಿತ್ತು. ಮಕ್ಕಳನ್ನು ಬಾದಾಮಿಗೆ ಕರೆದೊಯ್ದೆ. ಮಂಗಲೇಶನು ಬರೆಸಿದ, ಕ್ರಿ.ಶ. 578ರ ಶಾಸನವುಳ್ಳ ಮೂರನೆಯ ಗುಹೆಯ ಮುಂದೆ ಕುಳಿತು ಹ್ಯೂಯೆನ್ ತ್ಸಾಂಗನ ಕತೆ ಹೇಳಿದೆ. ಆ ಚೀನೀ ಯಾತ್ರಿಕ ಸುಮಾರು 641ರಲ್ಲಿ ಪುಲಕೇಶಿಯ ರಾಜ್ಯಕ್ಕೆ ಬಂದವನು. ಇಲ್ಲಿಯ ಜನ ಎತ್ತರದವರು, ಮಾನಿಗಳು, ಉಪಕಾರ ಮರೆಯದವರು, ಅವಮಾನ ಮಾಡಿದವರನ್ನು ಬಿಡದವರು ಎಂದು ಬರೆದ. ಯುದ್ಧಕ್ಕೆ ಹೊರಡುವ ಮುನ್ನ ಆನೆಗಳಿಗೆ ಮದ್ಯ ಕುಡಿಸುತ್ತಾರೆಂಬುದನ್ನೂ ಬಿಡಲಿಲ್ಲ. ಎಂದರೆ, ಒಬ್ಬರ ಕಣ್ಣಿಗೆ ನಾವೂ ಪರದೇಶದವರೇ. ನೀವೂ ಚೀನಾದಿಂದ ಬಂದವರೆಂದುಕೊಂಡು ಇಂದಿನ ಬಾದಾಮಿಯನ್ನು ಬರೆಯಿರಿ ಎಂದೆ. ಈ ದೇಶದಲ್ಲಿ ಮಂಗಗಳು ಮನುಷ್ಯರಿಂದ ಸುಂಕ ವಸೂಲಿ ಮಾಡುತ್ತವೆ ಎಂದು ಹುಡುಗಿ ಬರೆದಳು. ಆಕೆಯ ಶೇಂಗಾದ ಪೊಟ್ಟಣ ಆಗತಾನೆ ಹೋಗಿತ್ತು. ಬಸ್ಸಿನಲ್ಲಿ ಮರಳುವಾಗ, ಹಾಲೆಂಡಿನ ಮರದ ಪಾದರಕ್ಷೆಯೂ ಹಿಂಗ ಇರಬೇಕು ಎಂದಳು. ನಾನು ಬಿಡಿಸಿ ಹೇಳುವ ಅಗತ್ಯ ಉಳಿಯಲಿಲ್ಲ.

ಇಲ್ಲಿಯವರೆಗಿನದು ಸುಖದ ಮಾತು. ಇಳಕಲ್ಲಿನದನ್ನೂ ಹೇಳಬೇಕು.

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಶಿಮೆಯದು. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸಿಕ್ಕಿಸಬೇಕು. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಸೆರಗಿನ ಕೆಂಪು-ಬಿಳುಪಿನ ತೋಪು ತೆನೆ ಮತ್ತೆ ನಮ್ಮ ಜೋಳದ ತೆನೆಯೇ. ಪ್ರಾಚೀನ ಪೆರು ದೇಶದ ನೇಕಾರರೂ, ಯುರೋಪಿನವರು ಅಲ್ಲಿ ಕಾಲಿಡುವುದಕ್ಕೆ ಎಷ್ಟೋ ಮೊದಲು, ಬೇರೆಬೇರೆ ಬಣ್ಣದ ಹಾಸುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಬಟ್ಟೆ ನೇಯ್ದಿದ್ದರು. ಇದನ್ನು ಕೈಯಿಂದ ಕಲಿಯಬೇಕೆಂದು ಪರಿಚಯದ ನೇಕಾರರೊಬ್ಬರ ಮನೆಗೆ ಹೋದೆವು. ಕಲಿಸಿದವನು ಅವರ ಹನ್ನೊಂದು ವರ್ಷದ ಮಗ. ಅವನು ಕುಣಿಮಗ್ಗದ ಪಕ್ಕ ಕುಳಿತು ಕಣ್ಣು ಬೇರೆಡೆಗಿಟ್ಟುಕೊಂಡೇ ಕೊಂಡಿ ಹಾಕುತ್ತಿದ್ದ. ನನ್ನ ಮೊಮ್ಮಕ್ಕಳು ಇಬ್ಬರೂ ಕೂಡಿ ಒಂದು ತಾಸಿನಲ್ಲಿ ಇಪ್ಪತ್ತು ಎಳೆ ಸಿಕ್ಕಿಸಿದರು. ಪೆರುವಿನ ಬಟ್ಟೆಯ ಚಿತ್ರವನ್ನು ತೋರಿಸಿದಾಗ ಅವನು ಅದನ್ನು ಬಹಳ ಹತ್ತಿರಕ್ಕೆ ಹಿಡಿದು ನೋಡಿದ. ಚೆಂದವಾಗಿದೆ ಎಂದು ಹೇಳಲಿಲ್ಲ. "ಅಕ್ಕೋರ, ಅವ್ರಿಗೆ ಒಂದು ಸೀರಿಗೆ ಕೂಲಿ ಎಷ್ಟು ಬೀಳ್ತಿತ್ತು?" ಎಂದು ಕೇಳಿದ.

ಮನೆಯ ಕಲಿಕೆಯನ್ನು ಹೊಗಳುವವರು, ಯಾರ ಮನೆ ಎಂದು ಮೊದಲು ಹೇಳಬೇಕು. ನನ್ನ ಮೊಮ್ಮಕ್ಕಳಿಗೆ ಆ ಹತ್ತೊಂಬತ್ತು ತಿಂಗಳು ಜಗತ್ತು ಹತ್ತಿರ ಬಂದಿತು. ಅವನಿಗೆ ಅದೇ ತಿಂಗಳುಗಳಲ್ಲಿ ಓದು ಕೈಬಿಟ್ಟು ಕಂಡಿಕೆ ಸುತ್ತುವ ಕೆಲಸ ಖಾಯಂ ಆಯಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಲ್ಲ ಶಿಕ್ಷಣ ಹಕ್ಕೆಂದು 2009ರ ಕಾಯಿದೆ ಹೇಳುತ್ತದೆ. ಕಾಯಿದೆ ಮಗ್ಗದ ಕುಣಿಯವರೆಗೆ ತಾನಾಗಿ ಇಳಿದು ಬರುವುದಿಲ್ಲ. ಶಾಲೆ ತೆರೆದ ಮೇಲೆ ಆ ಮನೆಗೆ ಮೂರು ಸಲ ಹೋದೆ. "ಕೈ ಈಗ ಕೂಡೇತ್ರೀ ಅಕ್ಕೋರ, ಬಿಟ್ರ ಮರೀತೈತಿ" ಎಂದು ತಂದೆ ಹೇಳಿದ. ಅದು ಸುಳ್ಳಲ್ಲ. ನಾಲ್ಕನೆಯ ಸಲ ಹೋದಾಗ ಒಂದು ಕರಾರಾಯಿತು. ಹಗಲೆಲ್ಲ ಶಾಲೆ, ಸಂಜೆ ಎರಡು ತಾಸು ಕೊಂಡಿ, ಮದುವೆಯ ಸುಗ್ಗಿಯಲ್ಲಿ ಮಾತ್ರ ಮೂರು ತಾಸು. ಹುಡುಗ ಎದ್ದುಹೋಗಿ ಗೂಟದಲ್ಲಿ ತೂಗುತ್ತಿದ್ದ ಪಾಟಿಚೀಲವನ್ನು ಇಳಿಸಿಕೊಂಡು ಅದರ ಮೇಲಿನ ನೂಲಿನ ಧೂಳನ್ನು ಝಾಡಿಸತೊಡಗಿದ.