ಮರೆವಿನ ಮದ್ದು ಮತ್ತು ಇಲಿಯ ಸಾಕ್ಷ್ಯ



ನಾಸಿಕದಿಂದ ತ್ರ್ಯಂಬಕೇಶ್ವರಕ್ಕೂ, ಛತ್ರಪತಿ ಸಂಭಾಜಿನಗರದಿಂದ ಘೃಷ್ಣೇಶ್ವರಕ್ಕೂ ಹೋಗಿಬರದ ಮನೆ ನಮ್ಮಲ್ಲಿ ವಿರಳ. ಶಿವನಿಗೆ ಪ್ರಿಯವೆಂದು ನಾವು ಏರಿಸುವ ದತ್ತೂರಿಯಲ್ಲಿ ಸ್ಕೊಪೊಲಮೈನ್ ಎಂಬ ವಿಷವಸ್ತುವುಂಟು. ನೆನಪನ್ನು ಕೆಡಿಸುವುದು ಅದರ ಗುಣ. ಮರೆವಿಗೆ ಮದ್ದು ಹುಡುಕುವವರು ಅನೇಕ ವೇಳೆ ಮೊದಲು ಕೈಗೆತ್ತಿಕೊಳ್ಳುವುದು ಈ ವಸ್ತುವನ್ನೇ ಎಂದರೆ ತಮಗೆ ಸೋಜಿಗವಾದೀತು.

ಮಿದುಳಿನ ನರಕೋಶಗಳು ಸುದ್ದಿ ಮುಟ್ಟಿಸಲು ಅಸೆಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಬಳಸುತ್ತವೆ. ಸ್ಕೊಪೊಲಮೈನ್ ಆ ಸುದ್ದಿಯ ಬಾಗಿಲನ್ನು ಸ್ವಲ್ಪ ಕಾಲ ಮುಚ್ಚಿಬಿಡುತ್ತದೆ. ಅದನ್ನು ಚುಚ್ಚಿದ ಇಲಿಗೆ ಪಾಠ ನಿಲ್ಲುವುದಿಲ್ಲ. ಪಾಠವೆಂದರೆ ಇಷ್ಟೇ: ಎತ್ತರದಲ್ಲಿಟ್ಟ, ಸಂಕಲನ ಚಿಹ್ನೆಯ ಆಕಾರದ ಹಲಗೆ, ಎರಡು ತೋಳುಗಳಿಗೆ ಗೋಡೆಯಿದೆ, ಎರಡಕ್ಕಿಲ್ಲ. ಬಯಲು ತೋಳಿನ ತುದಿಯಲ್ಲಿ ಬಿಟ್ಟ ಇಲಿ ಗೋಡೆಯ ಮರೆ ಸೇರಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸುತ್ತಾರೆ. ಮರುದಿನ ಬೇಗ ಸೇರಿದರೆ ನೆನಪಿದೆ, ತಡವರಿಸಿದರೆ ಮರೆತಿದೆ. ಮದ್ದು ಕುಡಿದ ಇಲಿ ಕುಡಿಯದ ಇಲಿಗಿಂತ ಬೇಗ ಸೇರಿತೇ ಎಂಬುದೇ ಪ್ರಶ್ನೆ.

ಇದು ದೂರದೇಶದ ಮಾತಲ್ಲ. ನಮ್ಮ ನಾಸಿಕದ ಔಷಧವಿಜ್ಞಾನ ಕಾಲೇಜೊಂದರ ಸಂಶೋಧಕರು ಶಿರೀಷದ, ಎಂದರೆ ನಮ್ಮ ಕಡೆಯ ಬಾಗೆ ಮರದ, ಎಲೆಯ ಸಾರವನ್ನು ಇಲಿಗಳಲ್ಲಿ ಪರೀಕ್ಷಿಸಿ, ನೆನಪು ಸುಧಾರಿಸಿತೆಂದು 2002ರಲ್ಲಿ ಪ್ರಕಟಿಸಿದರು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಶಂಖಪುಷ್ಪದ ಬೇರಿನ ಬಗೆಗೆ 2001ರಲ್ಲಿ, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ನೀರುಬ್ರಾಹ್ಮಿಯ ಬಗೆಗೆ 1982ರಲ್ಲಿ ಇಂಥದೇ ಫಲವನ್ನು ವರದಿ ಮಾಡಿದರು. ನಾವು ತಂಬುಳಿ ಮಾಡುವ ಒಂದೆಲಗಕ್ಕೂ ಬ್ರಾಹ್ಮಿ ಎಂಬ ಹೆಸರಿದೆ. ಆದರೆ ಅದು ಬೇರೆ ಗಿಡ. ಸೀಸೆಯ ಮೇಲಿನ ಹೆಸರು ನೋಡಿ ಮೋಸಹೋಗಬಾರದು.

ಇಲಿ ಗೆದ್ದಿತೆಂದು ಅಜ್ಜಿಯೂ ಗೆದ್ದಂತೆಯೇ? ಅಲ್ಲ. ಇಲಿಯಲ್ಲಿ ಬಾಗಿಲು ಮುಚ್ಚಿದೆ, ಮನೆಯವರು ಒಳಗೇ ಇದ್ದಾರೆ. ಆಲ್‌ಝೈಮರ್ ರೋಗದಲ್ಲಾದರೋ ಮನೆಯವರೇ ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ, ನರಕೋಶಗಳೇ ಸಾಯುತ್ತವೆ. ಅಮೆರಿಕದಲ್ಲಿ 1996ರಲ್ಲಿ ಅನುಮತಿ ಪಡೆದ ಡೊನೆಪೆಜಿಲ್ ಅಸೆಟೈಲ್‌ಕೋಲಿನ್ ಬೇಗ ನಶಿಸದಂತೆ ತಡೆಯುತ್ತದೆ. ಕೆಲವರಿಗೆ ಕೆಲಕಾಲ ಉಪಶಮನವಾಗುತ್ತದೆ, ರೋಗ ನಿಲ್ಲುವುದಿಲ್ಲ.

ಆದುದರಿಂದ ನಮ್ಮ ಬಿನ್ನಹವಿಷ್ಟೆ. ಹಿರಿಯರು ಕೇಳಿದ್ದನ್ನೇ ಕೇಳತೊಡಗಿದರೆ, ಪರಿಚಿತ ದಾರಿ ತಪ್ಪಿದರೆ, ವಯಸ್ಸಾಯಿತೆಂದು ಸುಮ್ಮನಿರಬೇಡಿ. ಟಾನಿಕ್ ತಂದು ಕರ್ತವ್ಯ ಮುಗಿಯಿತೆನ್ನಲೂ ಬೇಡಿ. ಥೈರಾಯ್ಡ್ ದೋಷದಿಂದಲೂ ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುವುದುಂಟು; ಅವಕ್ಕೆ ಚಿಕಿತ್ಸೆಯಿದೆ. ನೆಗಡಿ, ತುರಿಕೆ, ಮೂತ್ರಬಾಧೆಗೆ ಕೊಡುವ ಕೆಲವು ಮಾತ್ರೆಗಳಿಗೆ ದತ್ತೂರಿಯ ಗುಣವೇ ಇದ್ದು, ಮುದುಕರ ಬುದ್ಧಿಯನ್ನು ಮಂಕು ಮಾಡುತ್ತವೆ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸಿರಿ.

ಕೊನೆಯದಾಗಿ ಒಂದು ಮಾತು. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಿಗೆ ಮರೆವಿನ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಇದೂ ಕೊನೆಯ ತೀರ್ಪಲ್ಲ. ಆದರೂ ಹೊರಗೆ ಮರಾಠಿ, ಮನೆಯಲ್ಲಿ ಕನ್ನಡ ಎಂಬ ನಮ್ಮ ಬಾಳಿನಲ್ಲಿ ನಷ್ಟವಂತೂ ಇಲ್ಲ. ಅಜ್ಜಿಯೊಡನೆ ಮೊಮ್ಮಕ್ಕಳು ದಿನವೂ ನಾಲ್ಕು ಮಾತು ಕನ್ನಡದಲ್ಲಿ ಆಡಲಿ.