ವರದಿ ನಿಜವೋ ಸುಳ್ಳೋ, ಅದನ್ನು ಮೊದಲು ಹೇಳಿ

(ಬಂಗಾರಪೇಟೆಯಲ್ಲಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಮಾನವ ಹಕ್ಕುಗಳ ಸಂಘಗಳ ವಿಷಯವಾಗಿ ನಾಲ್ಕು ಮಾತಾಡಬೇಕೆಂದು ಅಪ್ಪಣೆಯಾಗಿದೆ. ಇದು ದೆಹಲಿಯವರ ಮಾತು, ವಕೀಲರ ಮಾತು, ಬೆವರು ಸುರಿಸಿ ದುಡಿಯುವ ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದಕ್ಕೆ ನಾನು ದೆಹಲಿಯಿಂದ ಆರಂಭಿಸುವುದಿಲ್ಲ. ನಮ್ಮ ಚಿನ್ನದ ಗಣಿಯ ಕಕ್ಕಸಿನಿಂದ ಆರಂಭಿಸುತ್ತೇನೆ. ದಯವಿಟ್ಟು ಯಾರೂ ಮೂಗು ಮುಚ್ಚಿಕೊಳ್ಳಬೇಡಿ.

ಜಗತ್ತಿಗೆ ಚಿನ್ನ ಕೊಟ್ಟ ಊರಿನಲ್ಲಿ ಮನುಷ್ಯರ ಮಲವನ್ನು ಮನುಷ್ಯರೇ ಕೈಯಿಂದ ಬಾಚಿ ಹೊರುತ್ತಿದ್ದರು. ಅಂಥ ಒಂದು ಮನೆಯಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಈ ಕೆಲಸ ನಿಲ್ಲಿಸಿ ಎಂದು ಅವರು ಗಣಿಯ ಅಧಿಕಾರಿಗಳಿಗೆ ಬರೆದರು, ಮಂತ್ರಿಗಳಿಗೆ ಬರೆದರು. ಅರ್ಜಿಗಳು ಬೀರು ಸೇರಿದವು. 1993ರಲ್ಲಿ ಪಾರ್ಲಿಮೆಂಟು ಈ ಪದ್ಧತಿಯನ್ನು ನಿಷೇಧಿಸಿ ಕಾನೂನು ಮಾಡಿತು. ಕಾನೂನೂ ಬೀರು ಸೇರಿತು. ಕೊನೆಗೆ ಕಕ್ಕಸುಗಳ ಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾದವು, ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. ಆಮೇಲೆ, 1994ರಲ್ಲಿ, ಆ ಕೆಲಸದವರಿಗೆ ಗಣಿಯವರು ಬೇರೆ ಕೆಲಸ ಕೊಟ್ಟರು.

ಪತ್ರಿಕೆ ಇಲ್ಲಿ ಮಾಡಿದ್ದೇನು? ‘ಈ ಹುಡುಗ ಯಾರು, ಇವನ ಹಿಂದೆ ಯಾರಿದ್ದಾರೆ’ ಎಂದು ಕೇಳಲಿಲ್ಲ. ಕಕ್ಕಸು ಇದೆಯೋ ಇಲ್ಲವೋ ಎಂದು ನೋಡಿತು. ಇದೆ ಎಂದು ಅಚ್ಚು ಹಾಕಿತು. ಪತ್ರಿಕಾ ಧರ್ಮವೆಂದರೆ ಇಷ್ಟೇ.

ಅಷ್ಟಕ್ಕೇ ಕಥೆ ಮುಗಿಯಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. 2011ರಲ್ಲಿ ಪಿ.ಯು.ಸಿ.ಎಲ್. ಎಂಬ ಸಂಘದ ಕರ್ನಾಟಕ ಘಟಕದವರು ಕೆ.ಜಿ.ಎಫ್.ಗೆ ಬಂದು ನೋಡಿದಾಗ, ಕೈಯಿಂದ ಮಲ ತೆಗೆಯುವ ಕೆಲಸ ಇನ್ನೂ ನಡೆದೇ ಇತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಲದ ಗುಂಡಿಗೆ ಇಳಿದ ಮೂವರು ಇಲ್ಲೇ ಸತ್ತರು. ಆ ವರ್ಷದ ಜನಗಣತಿಯ ಲೆಕ್ಕದಂತೆ, ದೇಶದಲ್ಲಿ ಮನುಷ್ಯರು ಕೈಯಿಂದ ಶುಚಿ ಮಾಡುತ್ತಿದ್ದ ಕಕ್ಕಸುಗಳು ಸುಮಾರು 7 ಲಕ್ಷ 94 ಸಾವಿರ. ಅದಕ್ಕೂ ಮೊದಲು, 2003ರಲ್ಲಿ ವಿಲ್ಸನ್ನರ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋದಾಗ, ನಮ್ಮಲ್ಲಿ ಇಂಥ ಕೆಲಸವೇ ಇಲ್ಲವೆಂದು ಹಲವು ರಾಜ್ಯ ಸರ್ಕಾರಗಳು ಪ್ರಮಾಣ ಮಾಡಿ ಬರೆದುಕೊಟ್ಟಿದ್ದವು!

ಇದು ಸರ್ಕಾರಗಳ ಮೊದಲನೆಯ ಉತ್ತರ: ‘ಇಲ್ಲ’. ಇಲ್ಲವೆಂದು ಸಾಧಿಸಲಾಗದಿದ್ದಾಗ ಎರಡನೆಯ ಉತ್ತರ ಬರುತ್ತದೆ: ‘ನೀನು ಯಾರು? ನಿನಗೆ ದುಡ್ಡು ಕೊಟ್ಟವರು ಯಾರು?’ ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮೂರನೆಯ ಉತ್ತರ ಆ ಒದೆ.

ಬೆಂಗಳೂರಿನಲ್ಲಿ ನಡೆದದ್ದನ್ನೇ ನೋಡಿ. 1961ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆಮ್ನೆಸ್ಟಿ ಸಂಸ್ಥೆಯ ಭಾರತದ ಕಚೇರಿ ಅಲ್ಲಿತ್ತು. 2016ರ ಆಗಸ್ಟಿನಲ್ಲಿ ಕಾಶ್ಮೀರದ ನೊಂದ ಕುಟುಂಬಗಳ ವಿಷಯವಾಗಿ ಅದು ಒಂದು ಸಭೆ ನಡೆಸಿತು. ವಿದ್ಯಾರ್ಥಿ ಸಂಘವೊಂದು ದೂರು ಕೊಟ್ಟಿತು; ಪೊಲೀಸರು ರಾಜದ್ರೋಹದ ಮೊಕದ್ದಮೆ ಹೂಡಿದರು. ಆಗ ರಾಜ್ಯದಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ. ಟೆಲಿವಿಷನ್ನಿನವರು ಎಷ್ಟೋ ರಾತ್ರಿ ‘ದೇಶದ್ರೋಹ’ ಎಂದು ಕೂಗಿದರು. 2019ರ ಜನವರಿಯಲ್ಲಿ ಕೋರ್ಟು ಆ ಮೊಕದ್ದಮೆಯನ್ನು ಮುಕ್ತಾಯ ಮಾಡಿತು. ಅದನ್ನು ಅದೇ ಗಂಟಲಿನಲ್ಲಿ ಕೂಗಿ ಹೇಳಿದವರನ್ನು ನೀವು ಕಂಡಿದ್ದೀರಾ?

ಅಷ್ಟರಲ್ಲಿ ಕೇಂದ್ರದ ಬಿ.ಜೆ.ಪಿ. ಸರ್ಕಾರದ ಕೈಯೂ ಚಾಚಿತ್ತು. 2018ರ ಅಕ್ಟೋಬರಿನಲ್ಲಿ ಜಾರಿ ನಿರ್ದೇಶನಾಲಯದ ಶೋಧ. 2019ರ ನವೆಂಬರಿನಲ್ಲಿ ಸಿ.ಬಿ.ಐ. ಶೋಧ. 2020ರ ಆಗಸ್ಟಿನಲ್ಲಿ, ಆ ವರ್ಷದ ದೆಹಲಿ ಗಲಭೆಯಲ್ಲಿ ಪೊಲೀಸರು ನಡೆದುಕೊಂಡ ರೀತಿಯನ್ನು ಕುರಿತು ಆಮ್ನೆಸ್ಟಿ ವರದಿ ಹೊರತಂದಿತು. ಸೆಪ್ಟೆಂಬರಿನಲ್ಲಿ ಅದರ ಬ್ಯಾಂಕ್ ಖಾತೆಗಳೆಲ್ಲ ಸ್ಥಗಿತವಾದವು. ತಿಂಗಳ ಕೊನೆಗೆ ಅದು ಭಾರತದಲ್ಲಿ ಕೆಲಸ ನಿಲ್ಲಿಸಿತು. ವಿದೇಶಿ ಹಣವನ್ನು ಕಾನೂನಿಗೆ ವಿರುದ್ಧವಾಗಿ ಅಡ್ಡದಾರಿಯಲ್ಲಿ ತಂದಿದೆ ಎಂಬುದು ಸರ್ಕಾರದ ಆರೋಪ. ಇಲ್ಲ, ಇಲ್ಲಿನ ಕೆಲಸಕ್ಕೆ ಇಲ್ಲಿನ ಜನರೇ ಹಣ ಕೊಟ್ಟರೆಂಬುದು ಸಂಸ್ಥೆಯ ಉತ್ತರ.

ಹಣದ ಲೆಕ್ಕ ಕೇಳಬಾರದೆಂದು ನಾನು ಹೇಳುವುದಿಲ್ಲ. ಪರರ ಲೆಕ್ಕ ಕೇಳುವ ಸಂಘ ತನ್ನ ಲೆಕ್ಕವನ್ನೂ ತೆರೆದಿಡಬೇಕು. ಆದರೆ ಒಂದು ಪ್ರಶ್ನೆಗೆ ಇನ್ನೊಂದರ ಉತ್ತರ ಕೊಡಬಾರದು. ವರ್ತಕ ಮಿತ್ರರೇ, ನಿಮ್ಮ ಅಂಗಡಿಗೆ ಗಿರಾಕಿ ಬಂದು ‘ತೂಕ ಕಡಿಮೆ ಇದೆ’ ಎನ್ನುತ್ತಾನೆ. ಮರ್ಯಾದಸ್ಥ ವರ್ತಕನು ಮಾಲನ್ನು ಮತ್ತೊಮ್ಮೆ ತಕ್ಕಡಿಗೆ ಹಾಕಿ ತೋರಿಸುತ್ತಾನೆ. ‘ಎದುರಂಗಡಿಯವನು ನಿನ್ನನ್ನು ಕಳಿಸಿದನೇ?’ ಎಂದು ಕಿರುಚುವವನ ತಕ್ಕಡಿಯ ಮೇಲೆ ಅನುಮಾನ ಬರುವುದು ಸಹಜವಲ್ಲವೇ?

ಇದು ಒಂದು ದೇಶದ, ಒಂದು ಪಕ್ಷದ ರೋಗವಲ್ಲ. 2003ರಲ್ಲಿ ಇರಾಕಿನ ಮೇಲೆ ಯುದ್ಧಕ್ಕೆ ಹೊರಟ ಅಮೆರಿಕದ ಸರ್ಕಾರ, ಸದ್ದಾಮನ ಕ್ರೌರ್ಯಕ್ಕೆ ಸಾಕ್ಷಿಯಾಗಿ ಇದೇ ಆಮ್ನೆಸ್ಟಿಯ ವರದಿಗಳನ್ನು ಎತ್ತಿ ತೋರಿಸಿತು. 2005ರಲ್ಲಿ ಅಮೆರಿಕದ ಗ್ವಾಂಟನಾಮೊ ಸೆರೆಮನೆಯ ವಿಷಯವಾಗಿ ಆಮ್ನೆಸ್ಟಿ ಮಾತಾಡಿದಾಗ, ಅಧ್ಯಕ್ಷ ಬುಷ್ ಅದನ್ನು ಅರ್ಥವಿಲ್ಲದ ಮಾತು ಎಂದರು. ನೆರೆಮನೆಯ ಕೊಳಕು ತೋರಿಸಿದರೆ ದೀಪ. ನಮ್ಮ ಮನೆಯದು ತೋರಿಸಿದರೆ ಕೊಳ್ಳಿ! ಪಿ.ಯು.ಸಿ.ಎಲ್. ಸಂಘವಾದರೂ ಎಲ್ಲಿ ಹುಟ್ಟಿತು? 1976ರಲ್ಲಿ, ತುರ್ತುಪರಿಸ್ಥಿತಿಯ ಕತ್ತಲಲ್ಲಿ, ಜಯಪ್ರಕಾಶ ನಾರಾಯಣರ ಪ್ರಯತ್ನದಿಂದ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಮೊದಲ ಕಾನೂನು ಹುಟ್ಟಿದ್ದೂ ಅದೇ ವರ್ಷ, ಅದೇ ಕತ್ತಲಲ್ಲಿ. ಅಂದು ಅದನ್ನು ವಿರೋಧ ಪಕ್ಷದಲ್ಲಿದ್ದು ಕಂಡವರು, ಮುಂದೆ ಅಧಿಕಾರಕ್ಕೆ ಬಂದಾಗ ರದ್ದು ಮಾಡಲಿಲ್ಲ. ಬಿಗಿ ಮಾಡಿದರು.

ಪತ್ರಿಕೆಯವರಿಗೂ ಟೆಲಿವಿಷನ್ನಿನವರಿಗೂ ಒಂದು ಮಾತು. ವರದಿಗಾರನನ್ನು ಆ ಕಾಲೋನಿಗೆ ಕಳಿಸಿ ನೋಡಿಸಿದರೆ ಬಸ್ಸಿನ ಖರ್ಚು ಆಗುತ್ತದೆ, ಸರ್ಕಾರದ ಜಾಹೀರಾತು ತಪ್ಪುವ ಭಯವೂ ಇರುತ್ತದೆ. ನಾಲ್ವರನ್ನು ಕೂಡಿಸಿ ಜಗಳವಾಡಿಸಿದರೆ ಖರ್ಚೂ ಇಲ್ಲ, ಭಯವೂ ಇಲ್ಲ. ಆದರೆ ಆ ಜಗಳದಲ್ಲಿ ಗುಂಡಿಗೆ ಇಳಿದವನ ಹೆಸರನ್ನು ಯಾರೂ ಎತ್ತುವುದಿಲ್ಲ.

ನಾವು ಮಾಡಬೇಕಾದ್ದೇನು? ಇನ್ನು ಮುಂದೆ ಇಂಥ ವರದಿ ಬಂದಾಗ ಮೂರು ಪ್ರಶ್ನೆ ಕೇಳೋಣ. ಹೇಳಿದ ಸಂಗತಿ ನಡೆದಿದೆಯೇ? ಹೋಗಿ ನೋಡಿದವರು ಯಾರು? ನೊಂದವರಿಗೆ ಏನು ಸಿಕ್ಕಿತು? ಈ ಮೂರಕ್ಕೆ ಉತ್ತರ ಬಂದಮೇಲೆ, ವರದಿ ಬರೆದವರ ಜಾತಕವನ್ನು ಬೇಕಾದವರು ನೋಡಿಕೊಳ್ಳಲಿ. ವರದಿ ನಮ್ಮ ಊರಿನದೇ ಆದರೆ, ಸಂಘದಿಂದ ನಾಲ್ವರು ಹೋಗಿ ನೋಡಿ, ತಾರೀಖು ಹಾಕಿ ಬರೆದಿಡೋಣ. ತಪ್ಪಿದ್ದರೆ ತಪ್ಪೆಂದು ನಾವೇ ಹೇಳೋಣ.

ಈ ಬರೆದಿಡುವ ಕೆಲಸ ಸಣ್ಣದಲ್ಲ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಆ ಹಣ ಸಿಗಬೇಕಾದರೆ ಸಾವು ಮೊದಲು ಲೆಕ್ಕಕ್ಕೆ ಬರಬೇಕು. ‘ನಮ್ಮಲ್ಲಿ ಇಲ್ಲ’ ಎನ್ನುವ ಕಚೇರಿ ಅದನ್ನು ತಾನಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಸುವವರು ಬೇಕು. ಹಾಗೆ ಹಿಡಿಸುವವರ ಬಾಯಿ ಮುಚ್ಚಿಸುವಾಗ ನಾವು ಸುಮ್ಮನಿದ್ದರೆ, ನಾಳೆ ನಮ್ಮ ಮನೆಯ ಸಾವನ್ನು ಬರೆದಿಡಲು ಯಾರೂ ಉಳಿದಿರುವುದಿಲ್ಲ.