ಗಾಯಕ್ಕೆ ಉಪ್ಪು ಹಾಕಿದರೆ ಬ್ಯಾಕ್ಟೀರಿಯಾ ಸಾಯ್ತಾವಾ?

ನಾನು ಮಾತಾಡ್ತಿರೋದು ಸೇಡಂ ತಾಲ್ಲೂಕಿನ ಆದಿತ್ಯನಗರದಿಂದ. ಹಿಂದೆ ಫ್ಯಾನ್ ಸದ್ದು ಕೇಳಿಸಿದರೆ ಸ್ವಲ್ಪ ಹೊಂದಿಸಿಕೊಳ್ಳಿ, ಈ ಬಿಸಿಲಿಗೆ ಅದನ್ನ ಆರಿಸೋದು ಆಗದ ಮಾತು.

ಹೋದ ತಿಂಗಳು ತಗಡು ತಾಗಿ ನನ್ನ ಕಾಲು ಕೊಯ್ದಿತು. ಅವ್ವ ಉಪ್ಪಿನ ನೀರು ಸುರಿದು, "ಉರೀತದ, ಆದ್ರ ಕ್ರಿಮಿ ಎಲ್ಲಾ ಸಾಯ್ತಾವ" ಅಂದಳು. ನಾನೂ ನಂಬಿ ಸುಮ್ಮನಿದ್ದೆ. ನಾಲ್ಕನೇ ದಿನಕ್ಕೆ ಪಾದ ಬಾತು, ಕೀವು, ಜ್ವರ. ಡಾಕ್ಟರ್ ಕೀವು ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟಿನಲ್ಲಿ ಬಂದ ಹೆಸರು ಸ್ಟ್ಯಾಫಿಲೊಕಾಕಸ್ ಆರಿಯಸ್.

ನಾನು ಓದಿದ್ದು ಬಿ.ಕಾಂ. ಆದರೂ ತಲೇಲಿ ಒಂದೇ ಪ್ರಶ್ನೆ: ಅಷ್ಟು ಉಪ್ಪಿನಲ್ಲಿ ಇದು ಬದುಕಿದ್ದು ಹೇಗೆ?

ಬ್ಯಾಕ್ಟೀರಿಯಾಕ್ಕೆ ನೀರೇ ಬಂಡವಾಳ. ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಹೊರಗೆ ಹರೀತದೆ, ಜೀವಕೋಶ ಕುಗ್ಗಿ ಬೆಳವಣಿಗೆ ನಿಲ್ಲುತ್ತದೆ. ಎಷ್ಟೋ ಬ್ಯಾಕ್ಟೀರಿಯಾ ಆಗ ಮೊದಲು ಪೊಟ್ಯಾಸಿಯಂ ಅನ್ನು ಒಳಗೆ ಎಳ್ಕೊಳ್ತಾವೆ. ಇದು ಓವರ್‌ಡ್ರಾಫ್ಟ್ ಇದ್ದಂಗೆ: ಬೇಗ ಸಿಗ್ತದೆ, ಆದರೆ ಹೆಚ್ಚಾದರೆ ಒಳಗಿನ ಕೆಲಸವೇ ಕೆಡ್ತದೆ. ಅದಕ್ಕೇ ನಿಧಾನವಾಗಿ ಪ್ರೋಲಿನ್, ಗ್ಲೈಸಿನ್ ಬೀಟೇನ್ ಅನ್ನೋ ಪದಾರ್ಥಗಳನ್ನ ಕೂಡಿಡ್ತಾವೆ. ಇವು ಎಷ್ಟು ತುಂಬಿದರೂ ಕೆಲಸ ಕೆಡಿಸೋದಿಲ್ಲ. ನೀರು ವಾಪಸ್ ಬರ್ತದೆ, ಕೋಶ ಮತ್ತೆ ಬೆಳೀತದೆ.

ಉಪ್ಪು ಒಮ್ಮೆಲೆ ಇಳಿದರೂ ಗಂಡಾಂತರವೇ. ನೀರು ಒಳಗೆ ನುಗ್ಗಿ ಕೋಶ ಒಡೆಯಬಹುದು. ಆಗ ಪೊರೆಯಲ್ಲಿರೋ ಬಾಗಿಲುಗಳು ಮಿಲಿಸೆಕೆಂಡುಗಳಲ್ಲಿ ತೆರೆದು, ಕೂಡಿಟ್ಟಿದ್ದನ್ನ ಹೊರಗೆ ಚೆಲ್ತಾವೆ.

ಶಿಫ್ಟ್ ಮುಗಿಸಿ ಬಂದವರ ಅಂಗಿ ಬೆನ್ನ ಮೇಲೆ ಬಿಳಿ ಗೆರೆ ನೋಡಿದ್ದೀರಲ್ಲ? ಬೆವರು ಒಣಗಿ ಉಳಿದ ಉಪ್ಪು ಅದು. ಸ್ಟ್ಯಾಫ್ ವಾಸ ಮಾಡೋದೇ ನಮ್ಮ ಚರ್ಮ, ಮೂಗಿನಲ್ಲಿ. ಬೆವರು ಆರಿದಾಗ ಉಪ್ಪು ಏರ್ತದೆ, ಸ್ನಾನಕ್ಕೆ ಇಳೀತದೆ. ಅದಕ್ಕಿದು ದಿನಾ ಇರೋದೇ.

1945ರಲ್ಲಿ ಚಾಪ್‌ಮನ್ ಅನ್ನೋ ವಿಜ್ಞಾನಿ ಇದೇ ಗುಣವನ್ನ ಬಳಸಿಕೊಂಡರು. ಶೇ 7.5 ಉಪ್ಪಿರೋ ತಟ್ಟೆಯಲ್ಲಿ ಬೇರೆ ಬಹಳಷ್ಟು ಬ್ಯಾಕ್ಟೀರಿಯಾ ನಿಂತುಬಿಡ್ತಾವೆ, ಸ್ಟ್ಯಾಫ್ ಬೆಳೀತದೆ. ಲ್ಯಾಬುಗಳಲ್ಲಿ ಇವತ್ತಿಗೂ ಅದನ್ನ ಹುಡುಕೋಕೆ ಇಂಥ ತಟ್ಟೆ ಬಳಸ್ತಾರೆ. ಅವ್ವ ಹಾಕಿದ್ದು ಒಂದು ಲೋಟ ನೀರಿಗೆ ಒಂದು ಚಮಚ, ಅಂದರೆ ಶೇ 2–3 ಅಷ್ಟೇ!

ಇಷ್ಟೆಲ್ಲಾ ಹೇಳಿದಾಗ ಅವ್ವ ಕೇಳಿದಳು: "ಹಂಗಾದ್ರ ಉಪ್ಪಿನಕಾಯಿ ಯಾಕ ಕೆಡಂಗಿಲ್ಲೋ ಯಪ್ಪಾ?"

ಸರಿಯಾದ ಪ್ರಶ್ನೆ. ಅಲ್ಲಿ ಉಪ್ಪು ಬಹಳ, ಜೊತೆಗೆ ಹುಳಿ, ಮೇಲೆ ಎಣ್ಣೆ. ಎಲ್ಲಾ ಕೂಡಿ ಬೆಳವಣಿಗೆ ತಡೀತಾವೆ. ಹಸಿ ಚಮಚ ಹಾಕಿದರೆ ಅಲ್ಲಿ ಉಪ್ಪು ತೆಳುವಾಗಿ, ಕೆಡೋದಕ್ಕೆ ದಾರಿ ಆಗ್ತದೆ. ಭರಣಿಗೆ ನೀರ ಕೈ ಹಚ್ಚಬ್ಯಾಡ ಅಂತ ಅವ್ವ ಬೈಯೋದು ಪಕ್ಕಾ ವಿಜ್ಞಾನ.

ಆದರೆ ಗಾಯ ಭರಣಿ ಅಲ್ಲ. ಗಾಯ ಆದರೆ ಹರಿಯೋ ಶುದ್ಧ ನೀರಲ್ಲಿ ತೊಳೀರಿ, ಸುತ್ತಲಿನ ಚರ್ಮಕ್ಕೆ ಸಾಬೂನು ಹಚ್ಚಿ. ಟಿಟಿ ಇಂಜೆಕ್ಷನ್ ಬೇಕಾ ಅಂತ ಕೇಳ್ರಿ. ಬಾವು, ಕೀವು, ಜ್ವರ ಬಂದರೆ ನನ್ನಂಗೆ ನಾಲ್ಕು ದಿನ ಕಾಯಬ್ಯಾಡ್ರಿ. ಈಗ ಅವ್ವ ಉಪ್ಪಿನ ಡಬ್ಬಿ ಅಡುಗೆಮನೆಯಲ್ಲೇ ಇಟ್ಟಿದ್ದಾಳೆ. ಮುಂದಿನ ವಾರ ಸಿಗೋಣ.